ದಿನನಿತ್ಯದ ಊಟ ಮತ್ತು ಪರಿಸರ: ಮನೆಯಲ್ಲಿ ರೋಗಿ ಇರುವಾಗ ಏನು ಬದಲಿಸಬಹುದು, ಏನನ್ನು ಕೇಳದೆ ಮುಟ್ಟಬಾರದು

ನಾವು ಉಣ್ಣುವ ಪ್ರತಿ ತುತ್ತಿನ ಹಿಂದೆ ನೆಲ, ನೀರು, ಗೊಬ್ಬರ, ವಿದ್ಯುತ್ತು ಮತ್ತು ಇಂಧನದ ಖರ್ಚು ಇದೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ 119 ದೇಶಗಳ ಸುಮಾರು 38,700 ಹೊಲಗಳ ಲೆಕ್ಕವನ್ನು ಒಟ್ಟು ಸೇರಿಸಿತು. ಅದರ ಪ್ರಕಾರ, ಮನುಷ್ಯರ ಚಟುವಟಿಕೆಯಿಂದ ಗಾಳಿಗೆ ಸೇರುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 26ರಷ್ಟು ಆಹಾರದ ಬಾಬ್ತಿನದು. ಹೊಲದಿಂದ ಹಿಡಿದು ಅಂಗಡಿಯವರೆಗಿನ ಎಲ್ಲವೂ ಅದರಲ್ಲಿ ಸೇರಿದೆ.

ಈ ವಿಷಯ ಈಗ ಮನೆಮನೆಯ ಮೊಬೈಲಿಗೂ ಬಂದಿದೆ. 'ಅನ್ನ ಬಿಡಿ', 'ಹಾಲು ಬಿಡಿ', 'ಸಿರಿಧಾನ್ಯ ತಿನ್ನಿ, ಭೂಮಿ ಉಳಿಸಿ, ಮಾತ್ರೆಯನ್ನೂ ಬಿಡಿ' ಎಂಬ ವಿಡಿಯೊಗಳು ದಿನಕ್ಕೊಂದು ಬರುತ್ತವೆ. ಗಟ್ಟಿಮುಟ್ಟಾಗಿರುವವರು ಇವುಗಳಲ್ಲಿ ಕೆಲವನ್ನು ಪಾಲಿಸಿದರೆ ಹೆಚ್ಚೇನೂ ತೊಂದರೆಯಿಲ್ಲ. ಆದರೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ, ಕ್ಷಯ, ಹೃದ್ರೋಗ ಇರುವವರ ವಿಷಯ ಬೇರೆ. ಅವರ ಊಟ ಬದಲಾದರೆ ಔಷಧಿಯ ಲೆಕ್ಕವೂ ಬದಲಾಗುತ್ತದೆ. ಈ ಲೇಖನ ಎರಡನ್ನೂ ಒಟ್ಟಿಗೆ ಇಟ್ಟು ನೋಡುತ್ತದೆ: ನಮ್ಮ ಅಡುಗೆಮನೆಯಲ್ಲಿ ಪರಿಸರದ ಮೇಲೆ ನಿಜವಾಗಿ ಭಾರ ಹಾಕುವುದು ಯಾವುದು, ಮತ್ತು ಅದನ್ನು ಇಳಿಸುವಾಗ ರೋಗಿಯ ವಿಷಯದಲ್ಲಿ ಎಲ್ಲಿ ಎಚ್ಚರ ಬೇಕು.

ಉದಾಹರಣೆಗಳನ್ನು ಹೈದರಾಬಾದಿನಿಂದ ಹೆಚ್ಚು ತೆಗೆದುಕೊಂಡಿದ್ದೇನೆ. ಇದಕ್ಕೆ ಕಾರಣವಿದೆ. ಭಾರತೀಯರು ಏನು ತಿನ್ನಬೇಕು ಎಂದು ಹೇಳುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದು ಇಲ್ಲಿನ ತಾರ್ನಾಕಾದಲ್ಲಿ. ಸಿರಿಧಾನ್ಯ ಸಂಶೋಧನಾ ಸಂಸ್ಥೆ ರಾಜೇಂದ್ರನಗರದಲ್ಲಿದೆ. ಒಣಭೂಮಿಯ ಬೆಳೆಗಳ ಮೇಲೆ ಕೆಲಸ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ 1972ರಿಂದ ಪಟಾಂಚೆರುವಿನಲ್ಲಿದೆ. ಜೊತೆಗೆ ಬೀದರ, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿಯ ಈಚೆಗೂ ಆಚೆಗೂ ಊಟ ಒಂದೇ: ಜೋಳದ ರೊಟ್ಟಿ, ತೊಗರಿಬೇಳೆ.

ಒಂದು ಪದದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅನುವಾದಗಳಲ್ಲಿ 'ಇಂಗಾಲದ ಹೆಜ್ಜೆಗುರುತು' ಎಂಬ ಮಾತು ಕಾಣುತ್ತದೆ. ಅನುವಾದದ ಕೆಲಸ ಮಾಡುವ ನನಗೇ ಅದು ಅಷ್ಟು ಹಿಡಿಸುವುದಿಲ್ಲ. ಹೆಜ್ಜೆಗುರುತು ಅಳಿಸಿಹೋಗುತ್ತದೆ, ಇದು ಅಳಿಸಿಹೋಗುವುದಿಲ್ಲ. ಈ ಲೇಖನದಲ್ಲಿ 'ಪರಿಸರದ ಹೊರೆ' ಎಂದೇ ಬರೆಯುತ್ತೇನೆ.

ಅನ್ನದ ಹೊರೆ ಏಕೆ ಹೆಚ್ಚು?

ಪರಿಸರದ ಮಾತು ಬಂದಾಗ ಹೊರದೇಶದ ಲೇಖನಗಳು ಮೊದಲು ದನದ ಮಾಂಸವನ್ನು ಹೆಸರಿಸುತ್ತವೆ. ನಮ್ಮ ಬಹುತೇಕ ಮನೆಗಳಲ್ಲಿ ದಿನಕ್ಕೆರಡು ಹೊತ್ತು ತಟ್ಟೆಗೆ ಬೀಳುವುದು ಅನ್ನ. ಆದ್ದರಿಂದ ನಮ್ಮ ಲೆಕ್ಕ ಅಲ್ಲಿಂದ ಶುರುವಾಗಬೇಕು.

ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತಿರುತ್ತದೆ. ನೀರಿನ ಕೆಳಗಿನ ಮಣ್ಣಿಗೆ ಗಾಳಿ ತಾಗುವುದಿಲ್ಲ. ಗಾಳಿಯಿಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಕೊಳೆಯುವ ಬೇರು, ಹುಲ್ಲುಗಳಿಂದ ಮೀಥೇನ್ ಅನಿಲವನ್ನು ಉಂಟುಮಾಡುತ್ತವೆ. ಈ ಅನಿಲ ಭತ್ತದ ದಂಟಿನ ಮೂಲಕವೇ ಹೊಗೆಕೊಳವೆಯಲ್ಲಿ ಏರುವಂತೆ ಮೇಲೇರಿ ಗಾಳಿಗೆ ಸೇರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ 27 ಪಟ್ಟಿಗೂ ಹೆಚ್ಚು. ಮೇಲೆ ಹೇಳಿದ ಅಧ್ಯಯನದ ವಿಶ್ವ ಸರಾಸರಿಯಲ್ಲಿ 1 ಕಿಲೋ ಅಕ್ಕಿಯ ಹೊರೆ ಸುಮಾರು 4 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಗೋಧಿಯದು ಅದರ ಅರ್ಧಕ್ಕಿಂತಲೂ ಕಡಿಮೆ.

ನೀರಿನ ಲೆಕ್ಕವೂ ಹೀಗೆಯೇ. ಮಳೆನೀರನ್ನೂ ಸೇರಿಸಿ ವಿಶ್ವ ಸರಾಸರಿ ತೆಗೆದರೆ 1 ಕಿಲೋ ಅಕ್ಕಿಗೆ ಸುಮಾರು 2,500 ಲೀಟರ್ ನೀರು ಬೇಕು. ತೆಲಂಗಾಣದಲ್ಲಿ ಈ ನೀರಿನ ದೊಡ್ಡ ಭಾಗ ಬೋರ್‌ವೆಲ್‌ಗಳಿಂದ ಬರುತ್ತದೆ. 2018ರ ಜನವರಿಯಿಂದ ಇಲ್ಲಿ ಕೃಷಿಗೆ ದಿನದ 24 ಗಂಟೆ ಉಚಿತ ವಿದ್ಯುತ್ ಕೊಡಲು ಶುರುವಾಯಿತು. ದೊಡ್ಡ ನೀರಾವರಿ ಯೋಜನೆಗಳೂ ಬಂದವು. ಸರ್ಕಾರ ಬೆಂಬಲ ಬೆಲೆಗೆ ಭತ್ತ ಕೊಳ್ಳುತ್ತದೆ ಎಂಬ ಭರವಸೆ ರೈತರಿಗಿದೆ. ಈ ಮೂರೂ ಸೇರಿ, ಒಂದು ಕಾಲಕ್ಕೆ ಜೋಳದ ನಾಡಾಗಿದ್ದ ಈ ಪ್ರದೇಶ ಈಗ ದೇಶದಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ರಾಜ್ಯಗಳಲ್ಲಿ ಒಂದಾಗಿದೆ. ಇದರಲ್ಲಿ ರೈತರ ತಪ್ಪು ಹುಡುಕುವುದು ಸರಿಯಲ್ಲ. ಮಾರಾಟವಾಗುವುದನ್ನು ಅವರು ಬೆಳೆಯುತ್ತಾರೆ. ಪಡಿತರ ಅಂಗಡಿಯಲ್ಲಿ ಸಿಗುವುದನ್ನು ನಾವು ತಿನ್ನುತ್ತೇವೆ.

ಅನ್ನ ಮತ್ತು ಆರೋಗ್ಯದ ನಂಟು ಹೊಸದೇನಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದೇ ಅಕ್ಕಿಯ ಒಂದು ಸಮಸ್ಯೆಯಿಂದ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಬೆರಿಬೆರಿ ಕಾಯಿಲೆಯ ವಿಚಾರಣೆಗೆಂದು ಒಂದೇ ಕೋಣೆಯಲ್ಲಿ ಶುರು ಮಾಡಿದ ಘಟಕ ಅದು. 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ಈಗಿನ ಹೆಸರು ಪಡೆಯಿತು. ಚೆನ್ನಾಗಿ ಪಾಲಿಶ್ ಮಾಡಿದ ಅಕ್ಕಿಯನ್ನೇ ನಂಬಿದವರಿಗೆ ತವುಡಿನೊಂದಿಗೆ ಬಿ1 ಜೀವಸತ್ವವೂ ತಪ್ಪಿಹೋಗಿ ಆ ಕಾಯಿಲೆ ಬರುತ್ತಿತ್ತು. ಈಗ ಆ ಸಂಸ್ಥೆಯ ಚಿಂತೆ ಬೇರೆ. 2024ರ ಮೇ ತಿಂಗಳಲ್ಲಿ ಅದು ಹೊರತಂದ ಆಹಾರ ಮಾರ್ಗಸೂಚಿ, ನಮ್ಮ ದಿನದ ಶಕ್ತಿಯಲ್ಲಿ ಶೇ. 50ರಿಂದ 70ರಷ್ಟು ಧಾನ್ಯದಿಂದಲೇ ಬರುತ್ತಿದೆ, ಅದು ಶೇ. 45ನ್ನು ಮೀರಬಾರದು ಎನ್ನುತ್ತದೆ. 2,000 ಕ್ಯಾಲೊರಿಯ ದಿನದೂಟಕ್ಕೆ ಅದು ಹೇಳುವ ಅಂದಾಜು: ಧಾನ್ಯ 250 ಗ್ರಾಂ, ಬೇಳೆಕಾಳು (ಅಥವಾ ಮೊಟ್ಟೆ, ಮಾಂಸ) 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್. ಧಾನ್ಯ ಮತ್ತು ಬೇಳೆಯ ತೂಕ ಬೇಯಿಸುವ ಮುಂಚಿನದು.

ಅನ್ನವನ್ನು ಪೂರ್ತಿ ಬಿಡಬೇಕೆಂದು ಅದು ಎಲ್ಲೂ ಹೇಳುವುದಿಲ್ಲ ಎಂಬುದನ್ನು ಗಮನಿಸಿ. ತಟ್ಟೆಯಲ್ಲಿ ಅನ್ನದ ಗುಡ್ಡ ಇಳಿದು, ಪಲ್ಯ ಮತ್ತು ಬೇಳೆಯ ಜಾಗ ದೊಡ್ಡದಾದರೆ ಆರೋಗ್ಯಕ್ಕೂ ಪರಿಸರಕ್ಕೂ ಒಳ್ಳೆಯದು.

ಜೋಳ, ಸಜ್ಜೆ, ನವಣೆ: ಜಹೀರಾಬಾದಿನಿಂದ ಒಂದು ಪಾಠ

ಹೈದರಾಬಾದಿನಿಂದ ಬೀದರಿಗೆ ಹೋಗುವ ದಾರಿಯಲ್ಲಿ ಜಹೀರಾಬಾದ್ ಸಿಗುತ್ತದೆ. ಅಲ್ಲಿನ ಪಸ್ತಾಪುರ ಎಂಬ ಊರಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ 1983ರಿಂದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು. ದೂರದರ್ಶನದ ಕೆಲಸ ಬಿಟ್ಟು ಬಂದು ಹಳ್ಳಿಯ ಬಡ ದಲಿತ ಮಹಿಳೆಯರ ಸಂಘಗಳೊಂದಿಗೆ ನಿಂತರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಈ ಸಂಘಗಳ ಮಹಿಳೆಯರು ಪಾಳುಬಿದ್ದ ಹೊಲಗಳಲ್ಲಿ ಜೋಳ, ಸಜ್ಜೆ, ನವಣೆ, ತೊಗರಿಯನ್ನು ಮತ್ತೆ ಬೆಳೆದರು. ಬೀಜಗಳನ್ನು ತಾವೇ ಕೂಡಿಟ್ಟರು. ಆ ಜೋಳವನ್ನು ಊರಿನಲ್ಲೇ ಸಂಗ್ರಹಿಸಿ ಬಡವರಿಗೆ ಕಡಿಮೆ ದರದಲ್ಲಿ ಕೊಡುವ ತಮ್ಮದೇ ಪಡಿತರ ವ್ಯವಸ್ಥೆ ನಡೆಸಿದರು. 2019ರಲ್ಲಿ ಈ ಕೆಲಸಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಅವರ ಹೊಲಗಳಲ್ಲಿ ಗಮನಿಸಬೇಕಾದದ್ದು ಬೆಳೆಗಳ ಕೂಟ. ಒಂದೇ ಹೊಲದಲ್ಲಿ ಹತ್ತಾರು ಬೆಳೆಗಳನ್ನು ಬೆರೆಸಿ ಬಿತ್ತುತ್ತಾರೆ. ಹೆಚ್ಚಿನದು ಮಳೆಯಾಶ್ರಿತ. ಹಿಂಗಾರಿ ಜೋಳವಂತೂ ಕಪ್ಪುಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆಯುತ್ತದೆ. ನೀರು ನಿಲ್ಲಿಸಬೇಕಿಲ್ಲ, ಹಾಗಾಗಿ ಭತ್ತದ ಗದ್ದೆಯಲ್ಲಿ ಬರುವ ಮೀಥೇನಿನ ಸಮಸ್ಯೆ ಇಲ್ಲ. ದಂಟು ದನಗಳಿಗೆ ಮೇವಾಗುತ್ತದೆ.

ಆರೋಗ್ಯದ ಲಾಭಕ್ಕೂ ಆಧಾರವಿದೆ. ಇಕ್ರಿಸ್ಯಾಟಿನ ಸಂಶೋಧಕರು ಇತರರೊಂದಿಗೆ ಸೇರಿ 11 ದೇಶಗಳ 80 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸಿರಿಧಾನ್ಯ ತಿಂದಾಗ ರಕ್ತದ ಸಕ್ಕರೆ ಏರುವ ವೇಗ ಪಾಲಿಶ್ ಮಾಡಿದ ಅಕ್ಕಿ ಮತ್ತು ಮೈದಾಕ್ಕಿಂತ ಸುಮಾರು ಶೇ. 36ರಷ್ಟು ಕಡಿಮೆ ಎಂದು ಕಂಡುಬಂತು. ಮಧುಮೇಹ ಇರುವವರು ಇವನ್ನು ದಿನದ ಊಟದಲ್ಲಿ ಸೇರಿಸಿದಾಗ ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆ ಶೇ. 12ರಿಂದ 15ರಷ್ಟು ಇಳಿಯಿತು. ಇದು ಒಳ್ಳೆಯ ಸಹಾಯ. ಚಿಕಿತ್ಸೆಗೆ ಬದಲಿ ಅಲ್ಲ. 'ಸಿರಿಧಾನ್ಯ ಶುರು ಮಾಡಿ, ಇನ್ಸುಲಿನ್ ನಿಲ್ಲಿಸಿ' ಎನ್ನುವವರ ಮಾತನ್ನು ನಂಬಬೇಡಿ.

ಇನ್ನೆರಡು ವಿಷಯ. ಅಂಗಡಿಯಲ್ಲಿ ಬಿಳಿಚಿಕೊಂಡು ಹೊಳೆಯುವ ನವಣೆ, ಸಾಮೆ ಅಕ್ಕಿ ಸಿಕ್ಕರೆ ಅದನ್ನೂ ಪಾಲಿಶ್ ಮಾಡಲಾಗಿದೆ ಎಂದು ತಿಳಿಯಿರಿ. ಹೊಟ್ಟು ತೆಗೆದರೆ ಸಾಕು, ತವುಡು ಉಳಿಯಬೇಕು. ನುಣ್ಣಗೆ ಬೀಸಿ ತೆಳ್ಳಗೆ ಮಾಡಿದ ರಾಗಿ ಗಂಜಿ, ಅದರಲ್ಲೂ ಬೆಲ್ಲ ಹಾಕಿದ್ದು, ಸಕ್ಕರೆಯನ್ನು ಬೇಗ ಏರಿಸುತ್ತದೆ. ರೊಟ್ಟಿ, ಮುದ್ದೆ, ಇಡಿಯಾಗಿ ಬೇಯಿಸಿದ ಕಾಳು ಅದಕ್ಕಿಂತ ಮೇಲು.

ಹೈದರಾಬಾದಿನಲ್ಲಿ ಇರುವ, ಅಥವಾ ಚಿಕಿತ್ಸೆಗೆಂದು ಬಂದು ತಿಂಗಳುಗಟ್ಟಲೆ ಬಾಡಿಗೆ ಕೋಣೆಯಲ್ಲಿ ಅಡುಗೆ ಮಾಡಿಕೊಳ್ಳುವ ಕನ್ನಡಿಗರಿಗಾಗಿ ತೆಲುಗು ಹೆಸರುಗಳು: ಜೋಳಕ್ಕೆ ಜೊನ್ನಲು, ಸಜ್ಜೆಗೆ ಸಜ್ಜಲು, ರಾಗಿಗೆ ರಾಗುಲು, ನವಣೆಗೆ ಕೊರ್ರಲು, ಸಾಮೆಗೆ ಸಾಮಲು, ಹಾರಕಕ್ಕೆ ಅರಿಕೆಲು, ತೊಗರಿಬೇಳೆಗೆ ಕಂದಿಪಪ್ಪು. ಮೆಕ್ಕೆಜೋಳಕ್ಕೆ ಇಲ್ಲಿ ಮೊಕ್ಕಜೊನ್ನ ಎನ್ನುತ್ತಾರೆ. ಬರೀ 'ಜೋಳ' ಎಂದು ಕೇಳಿ ಅದನ್ನು ತರಬೇಡಿ.

ಧಾನ್ಯ ಬದಲಿಸುವ ಮುನ್ನ ಯಾರು ವೈದ್ಯರನ್ನು ಕೇಳಬೇಕು?

ಮೊದಲನೆಯವರು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ತೆಗೆದುಕೊಳ್ಳುವವರು. ಈ ಔಷಧಿಗಳ ಪ್ರಮಾಣವನ್ನು ನೀವು ಈಗ ತಿನ್ನುವ ಅನ್ನದ ಲೆಕ್ಕದಲ್ಲೇ ನಿಗದಿ ಮಾಡಿರುತ್ತಾರೆ. ಮೂರು ಹಿಡಿ ಅನ್ನ ಉಣ್ಣುತ್ತಿದ್ದವರು ಒಂದೇ ದಿನಕ್ಕೆ ಒಂದು ರೊಟ್ಟಿಗೆ ಇಳಿದರೆ, ಮಾತ್ರೆ ಹಳೆಯ ಲೆಕ್ಕದಲ್ಲೇ ಕೆಲಸ ಮಾಡಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಬೆವರು, ನಡುಕ, ಎದೆ ಬಡಿತ, ತಬ್ಬಿಬ್ಬು ಇದರ ಲಕ್ಷಣಗಳು. ವಯಸ್ಸಾದವರಲ್ಲಿ ಒಮ್ಮೊಮ್ಮೆ ಬರೀ ಮಂಕು, ತೊದಲು ಮಾತು ಮಾತ್ರ ಕಾಣುತ್ತದೆ, ಮನೆಯವರು ನಿದ್ದೆ ಎಂದುಕೊಳ್ಳುತ್ತಾರೆ. ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇಲ್ಲೊಂದು ಸಣ್ಣ ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ನಿಮ್ಮ ಮಾತ್ರೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ (ಗ್ಲಿಮೆಪಿರೈಡ್ ಜೊತೆ ಸೇರಿಸಿದ ಮಾತ್ರೆಗಳು ಸಾಕಷ್ಟಿವೆ) ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಆ ಔಷಧಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಇಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು.

ಆದ್ದರಿಂದ ಬದಲಾವಣೆ ನಿಧಾನವಾಗಿರಲಿ. ದಿನಕ್ಕೆ ಒಂದು ಹೊತ್ತಿನ ಅನ್ನದ ಜಾಗದಲ್ಲಿ ರೊಟ್ಟಿ, ಎರಡು ವಾರ ಹಾಗೇ, ಸಕ್ಕರೆ ಬರೆದಿಟ್ಟುಕೊಳ್ಳಿ, ಆ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಪ್ರಮಾಣ ಇಳಿಸುವುದಿದ್ದರೆ ಅವರು ಇಳಿಸುತ್ತಾರೆ.

ಎರಡನೆಯವರು ಮೂತ್ರಪಿಂಡದ ಕಾಯಿಲೆ ಇರುವವರು. ಪಾಲಿಶ್ ಅಕ್ಕಿಯಲ್ಲಿ ಪೊಟ್ಯಾಸಿಯಂ ಮತ್ತು ರಂಜಕ ಕಡಿಮೆ. ಅದೇ ತೂಕದ ಜೋಳ, ಸಜ್ಜೆ, ರಾಗಿಯಲ್ಲಿ ಪೊಟ್ಯಾಸಿಯಂ ಮೂರರಿಂದ ನಾಲ್ಕು ಪಟ್ಟು. ಎಲ್ಲರಿಗೂ ಒಳ್ಳೆಯದೆನ್ನುವ ಧಾನ್ಯ ಇವರಿಗೆ ಹಾಗಲ್ಲ. ಡಯಾಲಿಸಿಸ್‌ಗೆ ಹೋಗುವವರಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಡಯಟೀಷಿಯನ್ ಬಿಳಿ ಅನ್ನ ತಿನ್ನಿ ಎಂದು ಹೇಳಿದ್ದರೆ ಬಿಳಿ ಅನ್ನವನ್ನೇ ತಿನ್ನಿ. ಪರಿಸರದ ಹೊರೆ ಇಳಿಸುವ ಕೆಲಸವನ್ನು ಆ ಮನೆಯ ಉಳಿದ ಮೂರ್ನಾಲ್ಕು ಜನ ಮಾಡಬಹುದು.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ತಿಂಡಿ ತಿನ್ನಬೇಕು. ಮಾತ್ರೆಯ ಬೆನ್ನಿಗೇ ರಾಗಿ ಗಂಜಿ ಕುಡಿದರೆ ಅದರ ನಾರು ಮತ್ತು ಕ್ಯಾಲ್ಸಿಯಂ ಔಷಧಿಯನ್ನು ಹಿಡಿದಿಟ್ಟು ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡಬಹುದು.

ಬೇಳೆ: ಹೊರೆ ಕಡಿಮೆ, ಪ್ರಯೋಜನ ಹೆಚ್ಚು

ತೊಗರಿ, ಹೆಸರು, ಕಡಲೆ, ಅಲಸಂದೆ ಇವುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಯೂರಿಯಾ ತಯಾರಿಸಲು ನೈಸರ್ಗಿಕ ಅನಿಲ ಬೇಕು. ಹೊಲಕ್ಕೆ ಹಾಕಿದ ಯೂರಿಯಾದ ಒಂದು ಭಾಗ ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಆ ಅನಿಲದ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು. ಬೇಳೆಯ ಬೆಳೆಗೆ ಇದು ಅಷ್ಟಾಗಿ ಬೇಕಿಲ್ಲ, ಮುಂದಿನ ಬೆಳೆಗೂ ಸ್ವಲ್ಪ ಉಳಿಸಿ ಹೋಗುತ್ತದೆ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೂ, 2022ರಲ್ಲಿ ಅದರ ಪಕ್ಕದ ತಾಂಡೂರಿನ ತೊಗರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗಡಿಯ ಎರಡೂ ಬದಿಗೆ ಒಂದೇ ಬಗೆಯ ಕಪ್ಪುಮಣ್ಣು. ಯಾವುದು ಹೆಚ್ಚು ರುಚಿ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ.

ನೆನೆಸಿ ಬೇಯಿಸಿದರೆ ಗ್ಯಾಸ್ ಉಳಿಯುತ್ತದೆ. ಪ್ರೆಷರ್ ಕುಕ್ಕರ್ ಇನ್ನೂ ಉಳಿಸುತ್ತದೆ. ಮೂತ್ರಪಿಂಡದ ಕಾಯಿಲೆಯಲ್ಲಿ ಬೇಳೆಯ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಡಯಾಲಿಸಿಸ್ ಶುರುವಾಗುವ ಮುಂಚೆ ಪ್ರೋಟೀನ್ ಮಿತಿಯಲ್ಲಿರಬೇಕು, ಶುರುವಾದ ಮೇಲೆ ಹೆಚ್ಚು ಬೇಕು. ಹಳೆಯ ಚೀಟಿಯ ಸಲಹೆಯನ್ನೇ ಮುಂದುವರಿಸುವುದರಿಂದ ಎಷ್ಟೋ ರೋಗಿಗಳು ಸೊರಗುತ್ತಾರೆ.

ಮಾಂಸ, ಮೊಟ್ಟೆ, ಹಾಲು

2018ರ ಆ ಅಧ್ಯಯನದಲ್ಲಿ 100 ಗ್ರಾಂ ಪ್ರೋಟೀನಿಗೆ ಹಾಕಿದ ಲೆಕ್ಕ ಹೀಗಿದೆ: ಕುರಿಮಾಂಸಕ್ಕೆ ಸುಮಾರು 20 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರೆ, ಕೋಳಿಮಾಂಸಕ್ಕೆ 6ರ ಹತ್ತಿರ, ಮೊಟ್ಟೆಗೆ 4ರ ಹತ್ತಿರ, ಬೇಳೆಕಾಳಿಗೆ 1ಕ್ಕಿಂತ ಕಡಿಮೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲೂ ಮೀಥೇನ್ ಹುಟ್ಟುತ್ತದೆ, ಅದೇ ದೊಡ್ಡ ಕಾರಣ. ಇವು ವಿಶ್ವ ಸರಾಸರಿಗಳು. ದಖ್ಖನಿನ ಕುರುಚಲು ಕಾಡಿನಲ್ಲಿ ಮೇಯುವ ಕುರಿ, ಬೆಳೆಯ ಉಳಿಕೆ ತಿನ್ನುವ ಎಮ್ಮೆಗೆ ಇವನ್ನು ಹಾಗೇ ಅಂಟಿಸಲಾಗದು, ಆದರೆ ಯಾವುದು ಮೇಲೆ ಯಾವುದು ಕೆಳಗೆ ಎಂಬ ಸಾಲು ಬದಲಾಗುವುದಿಲ್ಲ. ಹೈದರಾಬಾದಿನ ಹಲೀಮ್ ಇಲ್ಲಿ ನೆನಪಾಗುತ್ತದೆ. ಗೋಧಿ, ಬೇಳೆಗಳ ಜೊತೆ ಮಾಂಸವನ್ನು ಗಂಟೆಗಟ್ಟಲೆ ಕುದಿಸಿ ಕಡೆದ ಈ ಅಡುಗೆಯಲ್ಲಿ ಮಾಂಸದ ಪಾಲನ್ನು ಧಾನ್ಯ ಮತ್ತು ಬೇಳೆ ಹಂಚಿಕೊಳ್ಳುತ್ತವೆ. (ತುಪ್ಪದ ಮಾತು ಬೇರೆ. ಹೃದ್ರೋಗಿಗಳು ಎರಡು ಚಮಚಕ್ಕೆ ನಿಲ್ಲಿಸಲಿ.)

ಕೋಳಿಯ ವಿಷಯದಲ್ಲಿ ಇನ್ನೊಂದು ಹೊರೆ ಇದೆ, ಫಾರ್ಮಸಿಸ್ಟ್ ಆಗಿ ನನ್ನನ್ನು ಹೆಚ್ಚು ಕಾಡುವುದು ಅದೇ. ಕೋಳಿಗಳು ಬೇಗ ಬೆಳೆಯಲೆಂದು ಕೊಡುವ ಪ್ರತಿಜೀವಕಗಳಿಂದ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹುಟ್ಟುತ್ತವೆ. ಕೊನೆಯ ಅಸ್ತ್ರವೆಂದು ಐಸಿಯುಗಳಲ್ಲಿ ಬಳಸುವ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಬೇಕಾಯಿತು. ಔಷಧಿಗಳು ಪರಿಸರಕ್ಕೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಪಟಾಂಚೆರು ಸಾಕ್ಷಿ. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಅಲ್ಲಿನ ಔಷಧ ಕಾರ್ಖಾನೆಗಳ ತ್ಯಾಜ್ಯನೀರನ್ನು ಶುದ್ಧೀಕರಿಸಿ ಬಿಡುವ ಕಡೆ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಕಂಡರು. ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಅದು ಹೆಚ್ಚು. ಕೋಳಿಮಾಂಸವನ್ನು ಪೂರ್ತಿ ಬೇಯಿಸಿ. ಹಸಿ ಮಾಂಸ ಕತ್ತರಿಸಿದ ಹಲಗೆಯಲ್ಲಿ ಸೌತೆಕಾಯಿ ಕತ್ತರಿಸಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಒತ್ತಿ ಹೇಳಬೇಕಾದದ್ದು: ಕ್ಷಯ ಇರುವವರು, ಕೀಮೋಥೆರಪಿ ನಡೆಯುತ್ತಿರುವವರು, ಶಸ್ತ್ರಚಿಕಿತ್ಸೆ ಅಥವಾ ಸುಟ್ಟಗಾಯದಿಂದ ಚೇತರಿಸಿಕೊಳ್ಳುತ್ತಿರುವವರು, ಗರ್ಭಿಣಿಯರು, ತೂಕ ಇಳಿದ ಮಕ್ಕಳು ಪರಿಸರಕ್ಕಾಗಿ ಮೊಟ್ಟೆ, ಹಾಲು ಬಿಡಬಾರದು. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ರೇಷನ್ಸ್ ಅಧ್ಯಯನದಲ್ಲಿ ಕ್ಷಯರೋಗಿಗಳಿಗೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಕೊಟ್ಟರು, ಅವರ ಮನೆಯವರಿಗೂ ಆಹಾರಧಾನ್ಯ ಕೊಟ್ಟರು. ಆ ಮನೆಗಳವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ. 39ರಷ್ಟು ಕಡಿಮೆಯಾಯಿತು. ಊಟವೇ ಇಲ್ಲಿ ಲಸಿಕೆಯಂತೆ ಕೆಲಸ ಮಾಡಿತು. 2024ರ ನವೆಂಬರಿನಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ. ಆ ಹಣ ಮೊಟ್ಟೆ, ಕಡಲೆಬೀಜ, ಬೇಳೆ, ಹಾಲಿಗೆ ಖರ್ಚಾಗಲಿ.

ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಬಿ12 ಕೊರತೆ ಬರುವ ಸಾಧ್ಯತೆ ಹೆಚ್ಚು. ಬಿ12 ಗಿಡಮೂಲದ ಆಹಾರದಲ್ಲಿ ಇರುವುದಿಲ್ಲ. ಸಸ್ಯಾಹಾರಿಗಳು ಹಾಲನ್ನೂ ಬಿಟ್ಟರೆ ಮಾತ್ರೆಯ ಮೂಲಕವೇ ಪಡೆಯಬೇಕು. ಪಾದಗಳಲ್ಲಿ ಜೋಮು, ಉರಿ ಇದ್ದರೆ ಅದೆಲ್ಲ ಸಕ್ಕರೆ ಕಾಯಿಲೆಯದೇ ಎಂದುಕೊಳ್ಳದೆ ಬಿ12 ಪರೀಕ್ಷೆ ಮಾಡಿಸಿ.

ಸೊಪ್ಪು, ತರಕಾರಿ

ಇವುಗಳ ಹೊರೆ ಕಡಿಮೆ. ಹೆಚ್ಚು ತಿನ್ನಿ ಎಂದು ಹೇಳಲು ಹೆಚ್ಚಿನವರ ವಿಷಯದಲ್ಲಿ ಯಾವ ಅಡ್ಡಿಯೂ ಇಲ್ಲ. ಆದರೆ ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಸೊಪ್ಪನ್ನು ಹೆಚ್ಚಿಸಬಾರದು, ಇದ್ದಕ್ಕಿದ್ದಂತೆ ಬಿಡಲೂ ಬಾರದು. ಸೊಪ್ಪಿನ ಕೆ ಜೀವಸತ್ವ ಈ ಔಷಧಿಯ ಎದುರಾಳಿ. ವಾರವಾರವೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ತಿನ್ನಿ, ಬದಲಿಸುವುದಿದ್ದರೆ ಐಎನ್‌ಆರ್ ಪರೀಕ್ಷೆ ಮಾಡಿಸಿಕೊಂಡು ಬದಲಿಸಿ.

ಹೈದರಾಬಾದಿನ ಕೊಳಚೆ ಸೇರುವ ಮೂಸಿ ನದಿಯ ಕೆಳಗಿನ ಹಳ್ಳಿಗಳಲ್ಲಿ ದಶಕಗಳಿಂದ ಅದೇ ನೀರಿನಿಂದ ಸೊಪ್ಪು, ಭತ್ತ, ಎಮ್ಮೆಗಳ ಹುಲ್ಲು ಬೆಳೆಯುತ್ತಿದ್ದಾರೆ. ನಗರ ಹೊರಹಾಕಿದ್ದು ನಗರದ ಸಂತೆಗೇ ಮರಳುತ್ತದೆ. ಅಂಗ ಕಸಿ ಮಾಡಿಸಿಕೊಂಡವರು, ಕೀಮೋ ನಡೆಯುತ್ತಿರುವವರು ಸೊಪ್ಪನ್ನು ಹಸಿಯಾಗಿ ತಿನ್ನುವುದು ಬೇಡ. ಎರಡು ಮೂರು ನೀರಿನಲ್ಲಿ ತೊಳೆದು ಬೇಯಿಸಿ ತಿನ್ನಲಿ.

ದೂರದಿಂದ ಬಂದದ್ದು, ಪ್ಯಾಕೆಟ್ಟಿನಲ್ಲಿ ಬಂದದ್ದು

ಹೊರದೇಶದಿಂದ ಬಂದದ್ದೆಲ್ಲ ಕೆಟ್ಟದ್ದು ಎಂಬ ಭಾವನೆ ಇದೆ. ಆಹಾರದ ಒಟ್ಟು ಹೊರೆಯಲ್ಲಿ ಸಾಗಣೆಯ ಪಾಲು ಅದೇ ಅಧ್ಯಯನದ ಪ್ರಕಾರ ಸುಮಾರು ಶೇ. 6 ಮಾತ್ರ. ವಿಮಾನದಲ್ಲಿ ಬರುವ ಹಣ್ಣುಗಳ ಮಾತು ಬೇರೆ. ಕಿನೋವಾ ಬೇಡ ಎನ್ನಲು ನನ್ನ ಕಾರಣ ಸಾಗಣೆಯಲ್ಲ, ಅದರ ಬೆಲೆ. ಅದೇ ದುಡ್ಡಿಗೆ ಒಂದು ಚೀಲ ಜೋಳವೂ ತೊಗರಿಯೂ ಬರುತ್ತವೆ.

ಆಸ್ಪತ್ರೆಗೆ ನೋಡಲು ಬರುವವರು ತರುವ ಬಿಸ್ಕತ್ತು, ಬನ್ನು, ರಸ್ಕುಗಳಲ್ಲಿ ಹೆಚ್ಚಿನವಕ್ಕೆ ತಾಳೆಎಣ್ಣೆ ಹಾಕಿರುತ್ತಾರೆ. ಆ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಇಂಡೊನೇಷ್ಯಾ, ಮಲೇಷ್ಯಾಗಳಲ್ಲಿ ಅದಕ್ಕಾಗಿ ಕಾಡು ಕಡಿದದ್ದು ಸಣ್ಣ ಪ್ರಮಾಣವಲ್ಲ. ರೋಗಿಗೂ ಅದರಿಂದ ಬರುವುದು ಮೈದಾ, ಸಕ್ಕರೆ, ಉಪ್ಪು. ನೋಡಲು ಬರುವುದಾಗಿ ಫೋನ್ ಮಾಡಿದವರಿಗೆ ಬಾಳೆಹಣ್ಣೋ ಪೇರಲವೋ ತನ್ನಿ ಎಂದು ಸಂಕೋಚವಿಲ್ಲದೆ ಹೇಳಿ. ಮೂತ್ರಪಿಂಡದ ರೋಗಿಯಾದರೆ ಬಾಳೆಹಣ್ಣು, ಎಳನೀರು ಎರಡೂ ಬೇಡ.

ಎಸೆಯುವ ಅನ್ನ

ಮೇಲಿನ ಎಲ್ಲದಕ್ಕಿಂತ ಸುಲಭವಾಗಿ, ಯಾವ ಔಷಧಿಗೂ ಅಡ್ಡಬಾರದೆ ಇಳಿಸಬಹುದಾದ ಹೊರೆ ಇದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಹೇಳುವಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಶೇ. 60 ಮನೆಗಳಲ್ಲಿ. ಭಾರತದ ಮನೆಗಳಲ್ಲಿ ತಲಾ ವರ್ಷಕ್ಕೆ ಅಂದಾಜು 55 ಕಿಲೋ. ಎಸೆದ ಅನ್ನದೊಂದಿಗೆ ಅದನ್ನು ಬೆಳೆದ ನೀರೂ ಹೋಯಿತು. ಅಷ್ಟಕ್ಕೇ ಮುಗಿಯುವುದಿಲ್ಲ. ಹೈದರಾಬಾದಿನ ಕಸ ಸೇರುವ ಜವಾಹರನಗರದಂಥ ರಾಶಿಗಳಲ್ಲಿ ಗಾಳಿಯಿಲ್ಲದೆ ಕೊಳೆತು ಅದು ಮತ್ತೊಮ್ಮೆ ಮೀಥೇನ್ ಆಗುತ್ತದೆ.

ರೋಗಿ ಇರುವ ಮನೆಯಲ್ಲಿ ಊಟ ಹೆಚ್ಚು ಉಳಿಯುತ್ತದೆ. ಬಾಯಿ ರುಚಿ ಕೆಟ್ಟಿರುತ್ತದೆ, ವಾಕರಿಕೆ ಇರುತ್ತದೆ, ಆದರೂ ಪ್ರೀತಿಯಿಂದ ತಟ್ಟೆ ತುಂಬ ಬಡಿಸುತ್ತೇವೆ. ತುಂಬಿದ ತಟ್ಟೆ ನೋಡಿಯೇ ಅವರಿಗೆ ಹಸಿವು ಹೋಗುತ್ತದೆ. ಸಣ್ಣ ಬಟ್ಟಲಿನಲ್ಲಿ ಅರ್ಧ ಬಡಿಸಿ, ಎರಡು ಗಂಟೆಗೊಮ್ಮೆ ಕೊಡಿ. ಬಾಯಿಗೆ ಸೇರುವುದು ಹೆಚ್ಚಾಗುತ್ತದೆ, ಉಳಿಯುವುದು ಕಡಿಮೆಯಾಗುತ್ತದೆ.

ಆದರೆ ವ್ಯರ್ಥವಾಗಬಾರದೆಂದು ಹಳಸಿದ್ದನ್ನು ರೋಗಿಗೆ ಕೊಡಬೇಡಿ. ಬೇಯಿಸಿದ ಅನ್ನ ಹೊರಗೇ ಇದ್ದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟುಮಾಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಉಳಿದದ್ದನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ, ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಮರುದಿನವೇ ಚೆನ್ನಾಗಿ ಬಿಸಿ ಮಾಡಿ ಮುಗಿಸಿ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಆಗಷ್ಟೇ ಮಾಡಿದ್ದನ್ನೇ ಕೊಡಿ, ಉಳಿದದ್ದನ್ನು ಆರೋಗ್ಯವಂತರು ತಿನ್ನಲಿ. ವಾರದಲ್ಲಿ ಮೂರು ದಿನ ಎಷ್ಟು ಅಕ್ಕಿ ಅಳೆದಿರಿ, ಎಷ್ಟು ಅನ್ನ ಉಳಿಯಿತು ಎಂದು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಸಕ್ಕರೆಯ ಲೆಕ್ಕ ಬರೆಯುವ ಮನೆಯಾದರೆ ಅದರ ಪಕ್ಕದಲ್ಲೇ ಬರೆಯಿರಿ. ಮುಂದಿನ ಭೇಟಿಯಲ್ಲಿ ಡಯಟೀಷಿಯನ್ ಮೊದಲು ಕೇಳುವುದು ಈ ಎರಡು ಸಾಲುಗಳನ್ನೇ.